ಬೆಲ್ಲನ ಬಲಗಾಲು

ನಾಲ್ಕು ತಿಂಗಳಿಂದ ಇಲ್ಲಿ ಏನೂ ಬರೆದಿಲ್ಲ. ಆಫೀಸಲ್ಲಿ ಕೆಲಸ ಜಾಸ್ತಿ ಅಂತ ಸುಳ್ಳು ಹೇಳಲ್ಲ, ಅದು ಯಾವಾಗ್ಲೂ ಜಾಸ್ತಿನೇ. ಅಸಲಿ ಕಾರಣ ನಮ್ಮ ನಾಯಿ ಬೆಲ್ಲ. ಅವನ ಕಾಲಿಗೆ ಪೆಟ್ಟಾಗಿತ್ತು. ಪೆಟ್ಟು ಮಾಡಿದವನು ಹೆಚ್ಚುಕಡಿಮೆ ನಾನೇ.

ಬೆಲ್ಲ 'ಸಿಂಗಾಪುರ್ ಸ್ಪೆಷಲ್'. ಯಾವುದೋ ದುಬಾರಿ ತಳಿ ಅಂದ್ಕೋಬೇಡಿ, ಇಲ್ಲಿನ ಬೀದಿನಾಯಿಗೆ ಮರ್ಯಾದೆಯಿಂದ ಇಟ್ಟಿರೋ ಹೆಸರು ಅದು! ಸರ್ಕಾರಿ ಎಚ್‌ಡಿಬಿ ಮನೆಗಳಲ್ಲಿ ಇವನ್ನ ಸಾಕೋಕೆ ದಾರಿ ಆಗಿದ್ದೇ 2012ರಲ್ಲಿ, ಪ್ರಾಜೆಕ್ಟ್ ಅಡೋರ್ ಶುರುವಾದ ಮೇಲೆ. ನಾವಿರೋದು ಬಾಡಿಗೆ ಕಾಂಡೋದಲ್ಲಿ, ಹಾಗಾಗಿ ಆ ತಾಪತ್ರಯ ಇರಲಿಲ್ಲ. ಮೈಬಣ್ಣ ಥೇಟ್ ಅಚ್ಚುಬೆಲ್ಲ. ಸೋಫಾದಿಂದ ಬಾಗಿಲಿಗೆ ಅವನು ಓಡೋ ಸ್ಪೀಡ್ ನೋಡಿ ನನ್ನ ಹೆಂಡತಿನೇ "ಇವನನ್ನ ಅಜಿಲಿಟಿಗೆ ಸೇರಿಸೋಣ" ಅಂದಿದ್ದು.

ಅಜಿಲಿಟಿ ಅಂದ್ರೆ ನಾಯಿಗಳ ಅಡೆತಡೆ ಓಟ. ಬೇಲಿ ಹಾರಬೇಕು, ಸುರಂಗದೊಳಗೆ ನುಗ್ಗಿ ಆಚೆ ಬರಬೇಕು, 60 ಸೆಂ.ಮೀ. ಅಂತರದಲ್ಲಿ ನೆಟ್ಟ 12 ಕೋಲುಗಳ ನಡುವೆ ಹಾವಿನ ಹಾಗೆ ಸುತ್ತಿ ಹೋಗಬೇಕು. ಎಲ್ಲಕ್ಕೂ ಟೈಮ್ ಉಂಟು. ಟೈಮ್ ಇದೆ ಅಂದಮೇಲೆ ನನ್ನಂಥವನು ಸುಮ್ಮನಿರ್ತಾನಾ? ಎಕ್ಸೆಲ್ ಶೀಟ್ ಮಾಡಿದೆ.

ಆ ಭಾನುವಾರ ನಾಲ್ಕು ಸುತ್ತು ಓಡಿಸಿ ಆಗಿತ್ತು. ಹಿಂದಿನ ರಾತ್ರಿ ಮಳೆ ಬಂದು ಪ್ಲಾಸ್ಟಿಕ್ ಹುಲ್ಲು ಇನ್ನೂ ಒದ್ದೆ. ನಮ್ಮದೇ ಹಳೇ ದಾಖಲೆಗೆ ಒಂದೇ ಸೆಕೆಂಡ್ ಬಾಕಿ. "ಇನ್ನೊಂದೇ ಒಂದು" ಅಂತ ಐದನೇ ಸುತ್ತು ಬಿಟ್ಟೆ. ಸುರಂಗದಿಂದ ಹೊರಬಂದು ತಿರುಗುವಾಗ ಸ್ವಲ್ಪ ಜಾರಿದ, ಸಾವರಿಸಿಕೊಂಡ, ಓಟ ಮುಗಿಸಿದ, ಬಾಲ ಆಡಿಸಿದ. ಕುಂಯ್ ಅನ್ನಲಿಲ್ಲ. ದಾಖಲೆ ಮುರೀತು. ನಾನು ಕುಣಿದೆ.

ಸಂಜೆ ಮುಂದಿನ ಬಲಗಾಲು ನೆಕ್ಕುತ್ತಾ ಕೂತಿದ್ದ. ಇರುವೆ ಕಚ್ಚಿರಬೇಕು ಅಂದ್ಕೊಂಡೆ. ಮೂರನೇ ದಿನ ಹೊರಗಿನ ಬೆರಳು ಹಲಸಿನ ಬೀಜದಷ್ಟು ಊದಿತ್ತು. ಬೆರಳಿನ ಕೀಲು ಹಿಡಿದಿಡೋ ಲಿಗಮೆಂಟ್ ಹರಿದಿದೆ ಅಂದ್ರು ಡಾಕ್ಟರು. ಪಟ್ಟಿ ಕಟ್ಟಿ, ಆರು ವಾರ ಓಟ ಬಂದ್. ಆಮೇಲೆ ಕೇಳಿದ ಪ್ರಶ್ನೆ: "ಉಗುರು ಕತ್ತರಿಸಿ ಎಷ್ಟು ದಿನ ಆಯ್ತು?" ನನ್ನ ಹತ್ರ ಉತ್ತರ ಇರಲಿಲ್ಲ. ಎಕ್ಸೆಲ್ ಶೀಟಲ್ಲಿ ಆ ಕಾಲಮ್ಮೇ ಇಲ್ಲ!

ನಾಯಿ ನಮ್ಮ ಹಾಗೆ ಪಾದ ಊರಿ ನಡೆಯಲ್ಲ, ಬೆರಳ ಮೇಲೆ ನಡೆಯುತ್ತೆ. ಹಿಂಗಾಲಲ್ಲಿ ಹಿಂದಕ್ಕೆ ಬಾಗಿರೋದನ್ನ ನಾವು ಮೊಣಕಾಲು ಅಂದ್ಕೊಳ್ತೀವಲ್ಲ, ಅದು ಅದರ ಹಿಮ್ಮಡಿ. ಅಂದಮೇಲೆ ಓಡಿ ತಿರುಗುವಾಗ ಅಷ್ಟೂ ಭಾರ ಬೀಳೋದು ಬೆರಳಿನ ಸಣ್ಣ ಕೀಲುಗಳ ಮೇಲೆ. ಉಗುರು ಉದ್ದ ಇದ್ರೆ ಅದು ಸನ್ನೆಗೋಲಿನ ಹಾಗೆ ಬೆರಳನ್ನ ತಿರುಚುತ್ತೆ. ಫಸ್ಟ್ ಪಿಯುಸಿ ಫಿಸಿಕ್ಸ್, ನನಗೇ ಹೊಳೀಲಿಲ್ಲ. ಅಜಿಲಿಟಿ ನಾಯಿಗಳ ಬೆರಳಿನ ಗಾಯದ ಬಗ್ಗೆ ಅಮೆರಿಕದ ಪಶುವೈದ್ಯರ ಪತ್ರಿಕೆಯಲ್ಲಿ 2018ರಲ್ಲಿ ಒಂದು ಸಮೀಕ್ಷೆ ಬಂದಿತ್ತು. ಉದ್ದ ಉಗುರಿನ ನಾಯಿಗಳಲ್ಲಿ ಅಪಾಯ ಜಾಸ್ತಿ ಅಂತ ಅದರಲ್ಲೇ ಇದೆ. ಇನ್ನೊಂದು ವಿಷಯ: ಮುಂಗಾಲಿನ ಒಳಬದಿಗೆ ಮೇಲೆ ಒಂದು ಬೆರಳು ನೇತಾಡುತ್ತಲ್ಲ, ಅದನ್ನ ಕೆಲವರು ದಂಡ ಅಂತ ಮರಿಯಲ್ಲೇ ತೆಗೆಸ್ತಾರೆ. ಅದಿಲ್ಲದ ನಾಯಿಗಳಿಗೂ ಬೆರಳಿನ ಗಾಯ ಹೆಚ್ಚಂತೆ. ಜೋರಾಗಿ ತಿರುಗುವಾಗ ಕಾಲು ವಾಲಿ ಆ ಬೆರಳೂ ನೆಲ ಕಚ್ಚುತ್ತೆ, ದಂಡ ಏನಲ್ಲ.

ಮನೇಲಿ ಕೂತು ಹಳೇ ವಿಡಿಯೋಗಳನ್ನೆಲ್ಲ ನಿಧಾನ ಮಾಡಿ ನೋಡಿದೆ. ಬಗ್ ಹುಡುಕೋ ಚಟ. ಸಿಕ್ಕಿತು. ಎಲ್ಲದರಲ್ಲೂ ಬೆಲ್ಲ ತಿರುಗ್ತಿರೋದು ಎಡಕ್ಕೇ. ಯಾಕಂದ್ರೆ ಅವನನ್ನ ನನ್ನ ಬಲಗಡೆ ಇಟ್ಟುಕೊಂಡು ಓಡೋದು ನನಗೆ ಆರಾಮ! ಎಡಕ್ಕೆ ತಿರುಗಿದಷ್ಟೂ ಹೊರಗಿನ ಬಲಗಾಲಿಗೆ ಒತ್ತಡ. ಗ್ರೇಹೌಂಡ್ ಓಟದ ಟ್ರ್ಯಾಕುಗಳಲ್ಲಿ ನಾಯಿಗಳು ಗಡಿಯಾರದ ವಿರುದ್ಧ ದಿಕ್ಕಲ್ಲಿ ಓಡ್ತಾವೆ. ಅವುಗಳಲ್ಲಿ ಹಿಂದಿನ ಬಲ ಹಿಮ್ಮಡಿಯ ನಡುಮೂಳೆ ಮುರಿಯೋದು ಎಷ್ಟೋ ಕಾಲದಿಂದ ಗೊತ್ತಿರೋ ಸಂಗತಿ. ಒಂದೇ ದಿನದ ಏಟಲ್ಲ ಅದು, ಒಂದೇ ಕಡೆ ತಿರುಗಿ ತಿರುಗಿ ಮೂಳೆ ದಣಿದಿರುತ್ತೆ. ನನ್ನ ಒದ್ದೆ ಹುಲ್ಲಿನ ಕಥೆ ಬರೀ ನೆಪ.

ಮುಧೋಳದ ಹತ್ರ ಹಳ್ಳಿಯಲ್ಲಿರೋ ಸೋದರಮಾವನಿಗೆ ಫೋನ್ ಮಾಡಿದೆ. ಮುಧೋಳ ನಾಯಿ ನಿಮಗೆಲ್ಲ ಗೊತ್ತೇ ಇದೆ. 2005ರಲ್ಲಿ ಅಂಚೆಚೀಟಿ ಬಂತು, 2016ರಲ್ಲಿ ಸೈನ್ಯ ತರಬೇತಿಗೆ ಮೀರತ್ತಿಗೆ ಕರ್ಕೊಂಡು ಹೋಯ್ತು, ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರನೇ ಇದೆ. ನಾವು ಸಣ್ಣೋರಿದ್ದಾಗ ಮಾವ ಸುಗ್ಗಿ ಮುಗಿದ ಹೊಲದಲ್ಲಿ ನಾಯಿ ಓಡಿಸ್ತಿದ್ದ. ಎರೆಭೂಮಿ, ಬೇಸಿಗೆಗೆ ಅಂಗೈ ಅಗಲ ಬಿರುಕು ಬಿಡುತ್ತೆ. ಅವನು ಓಡಿಸೋ ಮುಂಚೆ ಹೊಲ ಪೂರ್ತಿ ಒಂದು ಸಲ ನಡೆದು ಬರ್ತಿದ್ದ. ಓಟ ಮುಗಿದಮೇಲೆ ಒಂದೊಂದೇ ಕಾಲೆತ್ತಿ ಬೆರಳ ಸಂದಿ ಬಿಡಿಸಿ ಜಾಲಿಮುಳ್ಳು ಹುಡುಕ್ತಿದ್ದ. ನಮಗೆಲ್ಲ ಗೆದ್ದಿದ್ದು ಯಾರು ಅನ್ನೋದೇ ಚಿಂತೆ.

ಎಲ್ಲಾ ಕೇಳಿ ಮಾವ ಅಂದ: "ಅಳಿಯಾ, ಓಡಿದ ಮ್ಯಾಲೆ ನೀ ಗಡಿಯಾರ ನೋಡಿದಿ. ಕಾಲ ಯಾರು ನೋಡಬೇಕಿತ್ತು?"

ಸ್ವಲ್ಪ ಹೊತ್ತು ಇಬ್ರೂ ಮಾತಾಡಲಿಲ್ಲ. ಆಮೇಲೆ ಅವನೇ, "ಅದು ಓಡೂದು ನಿನ್ನ ಸಲುವಾಗಿ. ಕುಂಟಿಕೋಂತರೆ ಓಡತೈತಿ" ಅಂದ.

ಬೂಟು ಹಾಕಿಸಿದ್ರೆ ಹೇಗೆ ಅಂತಲೂ ಯೋಚಿಸಿದ್ದೆ. ಅಲಾಸ್ಕಾದ ಇಡಿಟರಾಡ್ ಸ್ಲೆಡ್ ಓಟದಲ್ಲಿ ಪ್ರತಿ ನಾಯಿಗೆ 8 ಬೂಟಿ ಇರಲೇಬೇಕು ಅಂತ ನಿಯಮವೇ ಇದೆ. ಆದ್ರೆ ಅದು ಹಿಮದಲ್ಲಿ ಬಹುತೇಕ ನೇರ ಓಟ. ಇಲ್ಲಿ ಗಕ್ಕನೆ ತಿರುಗಬೇಕು. ಉಗುರು, ಅಂಗಾಲಿನ ಹಿಡಿತ ಎರಡೂ ಹೋದ್ರೆ ಇನ್ನೂ ಜಾರ್ತಾನೆ. ಜೊತೆಗೆ ನಾಯಿ ಬೆವರೋದು ಅಂಗಾಲಲ್ಲಿ. ಸಿಂಗಾಪುರದ ಸೆಕೆಗೆ ಬೂಟಿನೊಳಗೆ ಒದ್ದೆಯಾಗಿ ಬೆರಳ ಸಂದಿ ಕೆಂಪಾಗೋದು ಗ್ಯಾರಂಟಿ. ಮಧ್ಯಾಹ್ನದ ಕಾದ ಡಾಂಬರಿಗೂ ಬೂಟಿಗಿಂತ ಹೊತ್ತು ಬದಲಾಯಿಸೋದೇ ಸುಲಭ. ಮುಂಗೈ ಹಿಂಭಾಗವನ್ನ ನೆಲಕ್ಕೆ 7 ಸೆಕೆಂಡ್ ಇಡಿ. ನಿಮಗೆ ಆಗಲ್ಲ ಅಂದ್ರೆ ಅದಕ್ಕೂ ಆಗಲ್ಲ.

ಪಟ್ಟಿ ಬಿಚ್ಚಿದಮೇಲೆ ಮೊದಲ ಎರಡು ವಾರ ಬರೀ ನಡಿಗೆ. ಬಿಶಾನ್ ಪಾರ್ಕಿನ ನಿಜವಾದ ಹುಲ್ಲಲ್ಲಿ, ಬೆಳಿಗ್ಗೆ ಏಳಕ್ಕೆ. ಈಗ ಕ್ಲಾಸಿಗೆ ವಾಪಸ್ ಹೋಗಿದ್ದೀವಿ. ಬೇಲಿ ಇನ್ನೂ ಮೊಣಕಾಲಿಗಿಂತ ಕೆಳಗೆ. ಓಡೋ ಮುಂಚೆ ಹತ್ತು ನಿಮಿಷ ನಡಿಗೆ, ಮೆಲ್ಲಗೆ ಕುಕ್ಕುಲೋಟ. ಒಂದು ಎಡ ಅಂದ್ರೆ ಒಂದು ಬಲ. ಅವನನ್ನ ಎಡಗಡೆ ಇಟ್ಕೊಂಡು ಓಡೋಕೆ ನನಗಿನ್ನೂ ಬರ್ತಿಲ್ಲ, ಎರಡು ಸಲ ನಾನೇ ಬಿದ್ದಿದ್ದೀನಿ :) ಮೂರು ಸುತ್ತಾದ ಮೇಲೆ ಅವನೆಷ್ಟೇ ಬೊಗಳಿ ಕೇಳ್ಕೊಂಡ್ರೂ ಮನೆಗೆ. ಪ್ರತಿ ಭಾನುವಾರ ಉಗುರು. ಅವನದು ಕಪ್ಪು ಉಗುರು, ಒಳಗಿನ ಜೀವ ಕಾಣಲ್ಲ, ಹಾಗಾಗಿ ಅಕ್ಕಿಕಾಳಿನಷ್ಟೇ ಕತ್ತರಿಸೋದು.

ಮೊನ್ನೆ ಮಾವ ವಿಡಿಯೋ ಕಾಲ್ ಮಾಡಿದ್ದ. ನಾನು ಫೋನನ್ನ ಬೆಲ್ಲನ ಮುಖಕ್ಕೆ ಹಿಡಿದೆ. "ಮಾರಿ ಬ್ಯಾಡ, ಕಾಲ ತೋರಸ" ಅಂದ. ತೋರಿಸಿದೆ. ಬೆರಳ ಸಂದಿ ಬಿಡಿಸಿ, ಒಂದೊಂದಾಗಿ, ನಾಲ್ಕೂ ಕಾಲು.