ಕುಂತ ಕಾರು ಎಬ್ಬಿಸುವ ಹುರುಪು: ಪಾನಾ ಹಿಡಿಯುವ ಮುನ್ನ ತುಸು ತಡೀರಿ

ಅಕ್ಕಲಕೋಟ: ಕಬ್ಬಿನ ಹಂಗಾಮು ಶುರುವಾಯಿತೆಂದರೆ ಗಡಿಭಾಗದ ರಸ್ತೆಗಳಲ್ಲಿ ಟ್ರ್ಯಾಕ್ಟರ್ ಟ್ರಾಲಿಗಳದ್ದೇ ದರ್ಬಾರು. ಅವು ಕೊರೆದ ಗಾಲಿ ಹಾದಿ, ಊರೂರಿಗೆ ಎದ್ದು ನಿಂತ ಸ್ಪೀಡ್ ಬ್ರೇಕರ್. ಇವುಗಳ ನಡುವೆ ಹದಿನೈದು ವರ್ಷ ಓಡಿದ ಕಾರಿನ ಶಾಕಪ್ ಎಣ್ಣೆ ಸೋರದೆ ಉಳಿದರೆ ಅದೇ ದೊಡ್ಡದು. ಮನೆ ಮಂದಿಯೆಲ್ಲ ಕೂತು ಪಂಢರಪುರಕ್ಕೋ ವಿಜಯಪುರಕ್ಕೋ ಹೊರಟರೆ ಕಾರಿನ ತಳ ನೆಲಕ್ಕೆ ಕೆರೆಯುತ್ತದೆ. ನೋಡಿದವರು ‘ಗಾಡಿ ಕುಂತೈತಿ’ ಅಂತಾರೆ.

ಅಪ್ಪ ಕೊಂಡ ಕಾರು ಮಾರಲು ಮನಸ್ಸಿಲ್ಲ, ಹೊಸದು ಕೊಳ್ಳಲು ರೊಕ್ಕ ಇಲ್ಲ. ಇಂಥ ಮನೆಗಳ ಹುಡುಗರಿಗೆ ಕಾಯಿಲೋವರ್ ಎಂಬ ಸಸ್ಪೆನ್ಷನ್ ಮೇಲೆ ಕಣ್ಣು ಬೀಳುತ್ತದೆ. ಗ್ಯಾರೇಜಿನ ಕೂಲಿ ಉಳಿಸಲು ಮನೆಯಂಗಳದಲ್ಲೇ ಕೂಡಿಸುವ ಹುರುಪು ಬೇರೆ. ಕೆಲಸ ಆಗದ್ದೇನಲ್ಲ. ಆದರೆ ಒಂದು ಹೆಜ್ಜೆ ತಪ್ಪಿದರೆ ಅದು ರೊಕ್ಕದ ಮಾತಾಗಿ ಉಳಿಯುವುದಿಲ್ಲ, ಜೀವದ ಮಾತಾಗುತ್ತದೆ.

ಏನಿದು ಕಾಯಿಲೋವರ್?

ಶಾಕಪ್ ಸುತ್ತ ಸ್ಪ್ರಿಂಗ್ ಕೂತಿರುವ ಜೋಡಿಯೇ ಕಾಯಿಲೋವರ್. ನಮ್ಮಲ್ಲಿ 2005ರಲ್ಲಿ ಬಂದ ಮೊದಲ ಮಾರುತಿ ಸ್ವಿಫ್ಟ್ ಕಾರನ್ನೇ ನೋಡಿ. ಅದರ ಮುಂದಿನ ಗಾಲಿಗಳಿಗೆ ಕಂಪನಿ ಕೊಟ್ಟ ಮ್ಯಾಕ್‌ಫರ್ಸನ್ ಸ್ಟ್ರಟ್‌ನಲ್ಲೂ ಇದೇ ಜೋಡಿ ಇದೆ. ಬೇರೆಯಾಗಿ ಮಾರುವ ಕಾಯಿಲೋವರಿನ ಮೈಗೆ ಬೋಲ್ಟಿನಂತೆ ಥ್ರೆಡ್ ಇರುತ್ತವೆ. ಕಾಲರ್ ತಿರುಗಿಸಿ ಕಾರಿನ ಎತ್ತರ ಹೆಚ್ಚು ಕಡಿಮೆ ಮಾಡಬಹುದು, ಇದೇ ಅದರ ವಿಶೇಷ. ಸ್ವಿಫ್ಟ್‌ನ ಹಿಂದಿನ ಗಾಲಿಗಳಲ್ಲಿ ಮಾತ್ರ ಸ್ಪ್ರಿಂಗ್ ಬೇರೆ, ಶಾಕಪ್ ಬೇರೆ.

ಜಾಕ್ ನಂಬಿ ಕೆಳಗೆ ಹೋಗಬೇಡಿ

ಮೊದಲು ಗಟ್ಟಿ, ಸಪಾಟಾದ ನೆಲ ಬೇಕು. ಹೊಲದ ಮಣ್ಣಿನಲ್ಲಿ ಜಾಕ್ ಹೂಳುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಎತ್ತದ ಕಡೆಯ ಗಾಲಿಗಳಿಗೆ ಅಡೆ ಕೊಡಬೇಕು. ಕಾರನ್ನು ಜಾಕಿನಿಂದ ಎತ್ತಿದ ಬಳಿಕ ಕಂಪನಿ ಗುರುತಿಸಿದ ಜಾಗದಲ್ಲಿ ಸ್ಟ್ಯಾಂಡ್ ಇಟ್ಟು ಅದರ ಮೇಲೆ ಕೂಡಿಸಬೇಕು. ಜಾಕ್ ಇರುವುದು ಎತ್ತಲಿಕ್ಕೆ, ಹೊತ್ತು ನಿಲ್ಲಲಿಕ್ಕಲ್ಲ. ಇಟ್ಟಂಗಿ, ಕಲ್ಲು ಒಟ್ಟಿ ಕಾರಿನ ಕೆಳಗೆ ಹೋಗುವುದು ಸಾವಿಗೆ ಕರೆ ಕೊಟ್ಟ ಹಾಗೆ.

ಎರಡನೇ ಅಪಾಯ ಸ್ಪ್ರಿಂಗ್. ಹಳೇ ಸ್ಟ್ರಟ್‌ನಲ್ಲಿ ಅದು ಒತ್ತಿಕೊಂಡೇ ಇರುತ್ತದೆ. ಮೇಲಿನ ಮೌಂಟ್ ತೆಗೆದು ಹೊಸದಕ್ಕೆ ಹಾಕುವುದಿದ್ದರೆ ಸ್ಪ್ರಿಂಗ್ ಕಂಪ್ರೆಸರ್ ಹಾಕದೆ ಶಾಕಪ್ ರಾಡಿನ ನಟ್ಟು ಬಿಚ್ಚಲೇಬಾರದು. ಬಿಚ್ಚಿದರೆ ಸ್ಪ್ರಿಂಗ್ ಸಿಡಿದು ಮುಖಕ್ಕೆ ಬಡಿಯಬಹುದು. ಇದೊಂದು ಕೆಲಸ ಗ್ಯಾರೇಜಿನ ಮಿಸ್ತ್ರಿಗೆ ಕೊಡುವುದೇ ಜಾಣತನ.

ಬಿಚ್ಚುವುದು, ಕೂಡಿಸುವುದು

ಬಿಚ್ಚುವ ಮೊದಲೇ ಗಾಲಿಯ ನಡುವಿನಿಂದ ಮೇಲಿನ ಕಮಾನಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ಹಳೇ ನಟ್ಟು ಬೋಲ್ಟುಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟರೆ ಅರ್ಧ ಕಷ್ಟ ಕಡಿಮೆ.

ಗಾಲಿ ತೆಗೆದ ಮೇಲೆ ಬ್ರೇಕ್ ಪೈಪನ್ನು ಸ್ಟ್ರಟ್‌ಗೆ ಹಿಡಿಸಿದ ಕ್ಲಿಪ್ ಬಿಡಿಸಬೇಕು, ಎಬಿಎಸ್ ಇದ್ದರೆ ಅದರ ವೈರನ್ನೂ. ಕೆಳಗಿನ ಎರಡು ಬೋಲ್ಟು ತೆಗೆದಾಗ ಹಬ್ ಜೋತು ಬೀಳುತ್ತದೆ. ಅದನ್ನು ತಂತಿಯಿಂದ ಕಟ್ಟಿ ನಿಲ್ಲಿಸದಿದ್ದರೆ ಪೂರಾ ಭಾರ ಬ್ರೇಕ್ ಪೈಪಿನ ಮೇಲೆ ಬೀಳುತ್ತದೆ. ಕಡೆಗೆ ಮೇಲಿನ ನಟ್ಟು ಬಿಚ್ಚಿದರೆ ಸ್ಟ್ರಟ್ ಇಡಿಯಾಗಿ ಹೊರಬರುತ್ತದೆ. ಹೊಸದನ್ನು ಇದರ ಉಲ್ಟಾ ಕ್ರಮದಲ್ಲಿ ಕೂಡಿಸಬೇಕು. ಬೋಲ್ಟುಗಳನ್ನು ಅಂದಾಜಿನಲ್ಲಿ ಬಿಗಿಯುವಂತಿಲ್ಲ. ಟಾರ್ಕ್ ಪಾನಾ ತಂದು ಕೈಪಿಡಿಯ ಅಂಕಿಯಂತೆಯೇ ಬಿಗಿಯಬೇಕು.

ಬಲಕ್ಕೆ, ಎಡಕ್ಕೆ ಪೂರಾ ಸ್ಟೇರಿಂಗ್ ತಿರುಗಿಸಿ ಬ್ರೇಕ್ ಪೈಪ್ ಎಲ್ಲೂ ಜಗ್ಗದಂತೆ, ಉಜ್ಜದಂತೆ ನೋಡಬೇಕು. ಎರಡು ದಿನ ಓಡಿಸಿ, ಎತ್ತರ ಮತ್ತೆ ಅಳೆದು, ಕಾಲರ್ ಲಾಕ್ ಮಾಡಿ, ಆಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು. ಇಲ್ಲವಾದರೆ ಹೊಸ ಟೈರ್ ಒಂದೇ ಬದಿಗೆ ಸವೆದು ಹೋಗುತ್ತದೆ. ಕಾರಿನ ಎತ್ತರ ಬದಲಾದರೆ ಹೆಡ್‌ಲೈಟಿನ ಬೆಳಕೂ ಬೇರೆ ಕಡೆ ಬೀಳುತ್ತದೆ, ಅದನ್ನೂ ಹೊಂದಿಸಿಕೊಳ್ಳಬೇಕು.

ಕಾಯ್ದೆ ಏನನ್ನುತ್ತದೆ?

ಕಾರು ನೆಲಕ್ಕೆ ಹತ್ತಿದಷ್ಟು ಚೆಂದ ಅನ್ನುವ ಶೋಕಿ ಈ ರಸ್ತೆಗಳಿಗೆ ಹೊಂದುವುದಿಲ್ಲ, ಕಾಯ್ದೆಗೂ ಹೊಂದುವುದು ಕಷ್ಟ. ಕಂಪನಿ ಹೇಳಿದ, ನೋಂದಣಿ ಪತ್ರದಲ್ಲಿರುವ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿ ಪ್ರಕಾರ ನಿಯಮ ಮೀರಿದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಕಾರನ್ನು ತಪಾಸಣೆಗೆ ಒಯ್ದು ತೋರಿಸಿದರೆ ಮಾತ್ರ ಮುಂದಿನ ಐದು ವರ್ಷಕ್ಕೆ ನವೀಕರಣ. ಮೊದಲ ಸ್ವಿಫ್ಟ್‌ಗಳೆಲ್ಲ ಈ ಗೆರೆ ದಾಟಿದವೇ. ಅಲ್ಲಿ ಹೋಗಿ ಸಿಕ್ಕಿಬೀಳುವ ಬದಲು ಕಿಟ್ ಕೊಳ್ಳುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳುವುದು, ವಿಮೆ ಕಂಪನಿಗೆ ತಿಳಿಸುವುದು ಒಳ್ಳೆಯದು. ತಿಳಿಸದೆ ಮಾಡಿದರೆ ಅಪಘಾತದ ಹೊತ್ತಿನಲ್ಲಿ ವಿಮೆಗೆ ತಕರಾರು ಬರಬಹುದು.

ಇಷ್ಟೆಲ್ಲ ಯಾಕೆ ಅನ್ನುವವರಿಗೆ ಸರಳ ದಾರಿಯೂ ಇದೆ. ಕುಂತ ಕಾರಿಗೆ ಬೇಕಾಗಿರುವುದು ಹೊಸ ಶಾಕಪ್, ಸ್ಪ್ರಿಂಗ್, ರಬ್ಬರ್ ಬುಶ್ ಅಷ್ಟೇ. ಕಂಪನಿ ಅಳತೆಯ ಸಾಮಾನನ್ನೇ ಹಾಕಿದರೆ ಕಾರು ಮೊದಲಿನ ಎತ್ತರಕ್ಕೆ ಏಳುತ್ತದೆ, ಕಾಗದಪತ್ರಕ್ಕೂ ತೊಂದರೆ ಇಲ್ಲ. ಕಾಯಿಲೋವರನ್ನೇ ಹಾಕುವವರು ಹಳೇ ಸಾಮಾನು ಗುಜರಿಗೆ ಹಾಕದೆ ಮನೆಯಲ್ಲೇ ಕಟ್ಟಿಡಲಿ. ಅಪ್ಪನ ಕಾರು ಇನ್ನೂ ನಾಲ್ಕು ವರ್ಷ ಮನೆ ಮಂದಿಯನ್ನು ಹೊತ್ತು ಓಡಾಡಬೇಕಲ್ಲ.