ಕೋರ್ಸ್ ಉಚಿತ, ಪರೀಕ್ಷೆ ಉಚಿತವಲ್ಲ

ಆನ್‌ಲೈನ್ ಕೋರ್ಸುಗಳು ಉಚಿತವಾಗಿರುವಾಗ ಅದಕ್ಕೂ ವಿದ್ಯಾರ್ಥಿವೇತನ ಏಕೆ ಎಂದು ಕೆಲವು ದಾನಿಗಳು ಕೇಳುತ್ತಾರೆ. ಪಾಲಕರ ಪ್ರಶ್ನೆಯೂ ಹೆಚ್ಚುಕಡಿಮೆ ಇದೇ. ಇಬ್ಬರಿಗೂ ಇಲ್ಲಿ ಉತ್ತರಿಸುತ್ತೇವೆ.

ಕೇಂದ್ರ ಸರ್ಕಾರದ 'ಸ್ವಯಂ' ವೇದಿಕೆ 2017ರಲ್ಲಿ ಆರಂಭವಾಯಿತು. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನಡೆಸುವ ಎನ್‌ಪಿಟೆಲ್ ಕೋರ್ಸುಗಳೂ ಅದರಲ್ಲೇ ಸಿಗುತ್ತವೆ. ವರ್ಷಕ್ಕೆ ಎರಡು ಸರದಿ: ಜನವರಿಯಲ್ಲಿ ಶುರುವಾಗಿ ಬೇಸಿಗೆಯ ಹೊತ್ತಿಗೆ ಮುಗಿಯುವುದೊಂದು, ಜುಲೈನಲ್ಲಿ ಶುರುವಾಗುವುದು ಇನ್ನೊಂದು. ಹೆಸರು ನೋಂದಾಯಿಸಿ ಪಾಠ ಕೇಳಲು ಒಂದು ಪೈಸೆಯೂ ಬೇಡ. ಆದರೆ ಪ್ರಮಾಣಪತ್ರ ಬೇಕೆಂದರೆ ಪರೀಕ್ಷಾ ಕೇಂದ್ರಕ್ಕೆ ಹೋಗಿಯೇ ಬರೆಯಬೇಕು. ಎನ್‌ಪಿಟೆಲ್‌ನಲ್ಲಿ ಹಲವು ವರ್ಷಗಳಿಂದ ಕೋರ್ಸೊಂದಕ್ಕೆ 1000 ರೂಪಾಯಿ ಪರೀಕ್ಷಾ ಶುಲ್ಕವಿದೆ. ಬನಹಟ್ಟಿಯ ನೇಕಾರ ಮನೆಯ ಹುಡುಗಿ ದೂರದ ನಗರಕ್ಕೆ ಹೋಗಿ ಬರೆಯಬೇಕಾದರೆ ಜೊತೆಗೆ ಮನೆಯವರೊಬ್ಬರು ಹೋಗಬೇಕು. ಇಬ್ಬರ ಬಸ್ ಖರ್ಚಿನ ಜೊತೆಗೆ ಮಗ್ಗದ ಒಂದು ದಿನದ ಕೂಲಿಯೂ ಹೋಯಿತು. ಪಾಠವನ್ನೆಲ್ಲ ಕೇಳಿದ ಮಕ್ಕಳು ಪರೀಕ್ಷೆ ಕೈಬಿಡುವುದು ಇಲ್ಲಿಯೇ. ನಿಮ್ಮ ದಾನ ಬೇಕಾಗುವುದೂ ಇಲ್ಲಿಯೇ.

ವಾರವಾರದ ಅಸೈನ್‌ಮೆಂಟಿಗೆ 25 ಅಂಕ, ಪರೀಕ್ಷೆಗೆ 75. ಅಸೈನ್‌ಮೆಂಟಿನಲ್ಲಿ 10, ಪರೀಕ್ಷೆಯಲ್ಲಿ 30 ಬಂದರೆ ಪ್ರಮಾಣಪತ್ರ ಸಿಗುತ್ತದೆ. ಎಂಟು ವಾರದ ಕೋರ್ಸಿನಲ್ಲಿ ಉತ್ತಮವಾದ ಆರು ಅಸೈನ್‌ಮೆಂಟುಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಮನೆಗೆ ಒಂದೇ ಮೊಬೈಲು, ಅದೂ ಹಗಲೆಲ್ಲ ಅಪ್ಪನ ಕಿಸೆಯಲ್ಲಿ ಎನ್ನುವ ಮಕ್ಕಳು ಒಂದೆರಡು ವಾರ ತಪ್ಪಿತೆಂದು ಕೋರ್ಸನ್ನೇ ಬಿಡುವ ಕಾರಣವಿಲ್ಲ. ಪಾಠ ಬಹುಪಾಲು ಇಂಗ್ಲಿಷಿನಲ್ಲಿರುತ್ತದೆ. ಕೆಲವು ಕೋರ್ಸುಗಳಿಗೆ ಕನ್ನಡ ಅನುವಾದವೂ ಇದೆ, ಮೊದಲು ಅದನ್ನು ಹುಡುಕಿ.

ಪಾಲಕರು ಮುಖ್ಯವಾಗಿ ತಿಳಿಯಬೇಕಾದದ್ದು ಕ್ರೆಡಿಟ್ ವಿಷಯ. ಎಂಟು ವಾರದ ಕೋರ್ಸಿಗೆ 2, ಹನ್ನೆರಡು ವಾರದ್ದಕ್ಕೆ 3 ಕ್ರೆಡಿಟ್. ಯುಜಿಸಿಯ 2021ರ ನಿಯಮದಂತೆ ಒಂದು ಸೆಮಿಸ್ಟರಿನ ಶೇ. 40ರಷ್ಟು ಕೋರ್ಸುಗಳವರೆಗೆ ಸ್ವಯಂ ಮೂಲಕ ಪಡೆಯಲು ಅವಕಾಶವಿದೆ. ಆದರೆ ಅದನ್ನು ಅಂಕಪಟ್ಟಿಗೆ ಸೇರಿಸಬೇಕಾದದ್ದು ನಿಮ್ಮ ವಿಶ್ವವಿದ್ಯಾಲಯ. ಬಾಗಲಕೋಟೆ ವಿಶ್ವವಿದ್ಯಾಲಯ ಈಗ ಜಮಖಂಡಿಯಲ್ಲೇ ಇದೆ, ವಿಚಾರಿಸಲು ಬೆಳಗಾವಿಗೆ ಅಲೆಯಬೇಕಿಲ್ಲ. ಹೆಸರು ನೋಂದಾಯಿಸುವ ಮೊದಲೇ ಕಾಲೇಜಿನಲ್ಲಿ ಕೇಳಿ. ಮುಗಿದ ಮೇಲೆ ಕೇಳಿದರೆ ಕೈಯಲ್ಲಿ ಉಳಿಯುವುದು ಪ್ರಮಾಣಪತ್ರ ಮಾತ್ರ.

ಒಂದು ಎಚ್ಚರಿಕೆ. ಆರು ತಿಂಗಳಲ್ಲಿ ಮನೆಯಲ್ಲೇ ಪದವಿ ಎಂಬ ಜಾಹೀರಾತು ನಂಬಿ ಸಾಲ ಮಾಡಬೇಡಿ. ಆನ್‌ಲೈನ್ ಪದವಿ ಕೊಡಲು ಅನುಮತಿ ಇರುವ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯುಜಿಸಿಯೇ ಪ್ರಕಟಿಸುತ್ತದೆ. ಪಟ್ಟಿಯಲ್ಲಿಲ್ಲದ ಸಂಸ್ಥೆಯ ಶುಲ್ಕವನ್ನು ನಾವು ಕೊಡುವುದಿಲ್ಲ.

ನೆರವು ಪರೀಕ್ಷಾ ಶುಲ್ಕಕ್ಕೆ ಮತ್ತು ಪ್ರಯಾಣಕ್ಕೆ. ಹೆಣ್ಣುಮಕ್ಕಳಿಗಾದರೆ ಜೊತೆಗೆ ಬರುವವರ ಬಸ್ ಖರ್ಚೂ ಸೇರುತ್ತದೆ. ಝಕಾತ್ ನಿಧಿಯಿಂದ ಅದಕ್ಕೆ ಅರ್ಹರಾದ ಕುಟುಂಬಗಳಿಗಷ್ಟೇ ಕೊಡುತ್ತೇವೆ, ಉಳಿದವರಿಗೆ ಸದಕಾ ನಿಧಿಯಿಂದ. ಪರೀಕ್ಷೆಯ ನೋಂದಣಿ ಕೋರ್ಸ್ ಮುಗಿಯುವ ಮೊದಲೇ ಮುಚ್ಚುತ್ತದೆ. ಆದ್ದರಿಂದ ಕೋರ್ಸಿಗೆ ಸೇರಿದ ವಾರವೇ ಆಧಾರ್ ಪ್ರತಿ, ಆದಾಯ ಪ್ರಮಾಣಪತ್ರ, ಕಾಲೇಜಿನ ಒಪ್ಪಿಗೆ ಪತ್ರದೊಂದಿಗೆ ಅರ್ಜಿ ಕೊಡಿ.