ಐದು ನಿಮಿಷದ ಲೆಕ್ಕ

ನಮ್ಮ ಮಡಕಶಿರಾ ಸೀಮೆಯಲ್ಲಿ ಮಗುವಿಗೆ ಮೂರ್ಛೆ ಬಂದರೆ ಮೊದಲು ಬೀಗದ ಕೈ ಹುಡುಕುತ್ತಾರೆ. ನನ್ನ ಮೊಮ್ಮಗನಿಗೂ ಕಬ್ಬಿಣ ಹಿಡಿಸಿದವನು ನಾನೇ. ಸೆಳೆತ ನಿಲ್ಲಲಿಲ್ಲ. ತೆಲುಗಲ್ಲೂ ಕನ್ನಡದಲ್ಲೂ ಸಲಹೆ ಬಂದವು, ಗಡಿಯಾರ ನೋಡಿದವರಿಲ್ಲ.

"ಯಜಮಾನ್ರೇ, ಕಬ್ಬಿಣ ಬಿಡಿ, ಟೈಮು ನೋಡಿ" ಅಂದರು ಮಕ್ಕಳ ಡಾಕ್ಟರು. ಐದು ನಿಮಿಷ ದಾಟಿದ ಸೆಳೆತ ತಾನಾಗಿ ನಿಲ್ಲುವುದು ಕಷ್ಟ. ಆಗ ಮಿಡಜೋಲಮ್ ಸ್ಪ್ರೇ ಮೂಗಿಗೆ ಹೊಡೆಯಬೇಕು. ಕೆಲವು ಮಕ್ಕಳಿಗೆ ಡಯಜೆಪಾಮ್ ಗುದದ್ವಾರದಲ್ಲಿ ಕೊಡುವುದುಂಟು. ತೂಕ ನೋಡಿ ಡಾಕ್ಟರು ಬರೆದಷ್ಟೇ. ಹೆಚ್ಚಾದರೆ ಉಸಿರು ಕುಗ್ಗುತ್ತದೆ. ಮಗುವನ್ನು ಮಗ್ಗುಲಿಗೆ ಮಲಗಿಸಿ. ಬಾಯಿಗೆ ನೀರು, ಚಮಚ ಬೇಡವೇ ಬೇಡ. ನಿಲ್ಲದಿದ್ದರೆ 108.

ಕಳೆದ ಕಡ್ಲೇಕಾಯಿ ಸುಗ್ಗಿಯಲ್ಲಿ ಸ್ಪ್ರೇ ಬೇಕಾಯಿತು. ಕೈ ನಡುಗಿತು, ಲೆಕ್ಕ ತಪ್ಪಲಿಲ್ಲ. ಹುಡುಗ ಕಣ್ಣು ಬಿಟ್ಟ. ಬೀಗದ ಕೈ ಬೀಗಕ್ಕೇ ಇರಲಿ.